ನನ್ನ ಹೆಬ್ಬೆರಳು ಕಳ್ಳರ ಸೈಟಿನಲ್ಲಿ, ಅದೂ ಸರ್ಚ್‌ನಲ್ಲಿ ನನಗಿಂತ ಮೇಲೆ. ಏನು ಮಾಡೋದು?

ಟಿಕ್‌ಟಿಕ್

ಎಲ್ಲರಿಗೂ ನಮಸ್ಕಾರ. ಕೀಲಿ ಕೊಡುವ ಗಡಿಯಾರಗಳ ರಿಪೇರಿ ಬಗ್ಗೆ ಒಂಬತ್ತು ವರ್ಷದಿಂದ ಒಂದು ಸೈಟ್ ನಡೆಸುತ್ತಿದ್ದೇನೆ. ಬರೆಯುವುದೂ ನಾನೇ, ಫೋಟೋ ತೆಗೆಯುವುದೂ ನಾನೇ, ಸರ್ವರ್ ಬಿದ್ದರೆ ಎಬ್ಬಿಸುವುದೂ ನಾನೇ.

ಮೊನ್ನೆ ಒಬ್ಬ ಓದುಗರಿಂದ ಮೇಲ್ ಬಂತು. ಪೂರ್ತಿ ಬೈಗುಳ. "ನೀವು ಹೇಳಿದ ಹಾಗೇ ಮಾಡಿದೆ, ನಮ್ಮ ತಾತನ ಗಡಿಯಾರ ಹಾಳಾಯಿತು" ಅಂತ. ಯಾವ ಪುಟ ನೋಡಿದಿರಿ ಅಂತ ಕೇಳಿದೆ. ಅವರು ಕಳಿಸಿದ ಲಿಂಕ್ ನನ್ನ ಸೈಟಿನದಲ್ಲ. ಹೆಸರೇ ಕೇಳಿರದ ಯಾವುದೋ ಸೈಟ್. ಆದರೆ ಫೋಟೋಗಳು ನನ್ನವೇ. ಆ ವಾರ ಬಾಗಿಲಿಗೆ ಸಿಕ್ಕಿ ನನ್ನ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಆ ಕಪ್ಪು ಉಗುರು ಏಳು ಫೋಟೋದಲ್ಲೂ ಇದೆ. ಕೆಳಗೆ ನನ್ನ ಹೆಸರೂ ಹಾಗೇ ಉಳಿದಿದೆ, ಅದನ್ನು ಅಳಿಸುವ ಕಷ್ಟವನ್ನೂ ತೆಗೆದುಕೊಂಡಿಲ್ಲ.

ಬರಹ ಮಾತ್ರ ವಿಚಿತ್ರ. ಯಾವುದೋ ಮಿಷನ್‌ಗೆ ಹಾಕಿ ಇಂಗ್ಲಿಷಿಗೆ ತಿರುಗಿಸಿ, ಮತ್ತೆ ಕನ್ನಡಕ್ಕೆ ತಂದಿದ್ದಾರೆ. ಹೇರ್‌ಸ್ಪ್ರಿಂಗ್ ಅಲ್ಲಿ "ಕೂದಲ ವಸಂತ" ಆಗಿದೆ. ಮೇನ್‌ಸ್ಪ್ರಿಂಗ್ "ಮುಖ್ಯ ವಸಂತ". ಮೊದಲು ನಕ್ಕುಬಿಟ್ಟೆ. ಆಮೇಲೆ ಮುಂದೆ ಓದಿದೆ. "ಪ್ಯಾಲೆಟ್ ಫೋರ್ಕ್ ತೆಗೆಯುವ ಮೊದಲು ಮೇನ್‌ಸ್ಪ್ರಿಂಗ್‌ನ ಬಿಗಿ ಪೂರ್ತಿ ಇಳಿಸಿ" ಅಂತ ನಾನು ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಅಲ್ಲಿ "ಫೋರ್ಕ್ ತೆಗೆದ ಮೇಲೆ ಮುಖ್ಯ ವಸಂತವನ್ನು ಕೆಳಗಿಳಿಸಿ" ಅಂತಿದೆ. ಚಕ್ರಗಳನ್ನು ತಡೆದು ಹಿಡಿಯುವುದೇ ಆ ಫೋರ್ಕ್. ಹಾಗೆ ಮಾಡಿದರೆ ಸ್ಪ್ರಿಂಗ್‌ನಲ್ಲಿರುವ ಬಲವೆಲ್ಲ ಒಂದೇ ಸಲ ಬಿಚ್ಚಿಕೊಂಡು ಚಕ್ರಗಳು ಗಿರ್ರನೆ ತಿರುಗುತ್ತವೆ. ಹಲ್ಲು ಮುರಿಯುತ್ತದೆ, ಇಲ್ಲಾಂದ್ರೆ ಪಿವಟ್, ಅಂದರೆ ಚಕ್ರದ ಅಚ್ಚಿನ ತುದಿ, ಹೋಗುತ್ತದೆ. ತಾತನ ಗಡಿಯಾರಕ್ಕೆ ಆದದ್ದು ಅದೇ.

ಇಷ್ಟಾಗಿ, ಸರ್ಚ್ ಮಾಡಿದರೆ ಆ ಪುಟ ಎರಡನೆಯದು. ನನ್ನದು ಹದಿನಾಲ್ಕನೆಯದು. ಸ್ಪ್ಯಾಮ್ ರಿಪೋರ್ಟ್ ಫಾರ್ಮ್ ನಾಲ್ಕು ಸಲ ತುಂಬಿದೆ. "ಧನ್ಯವಾದ" ಅಂತ ಒಂದು ಪುಟ ಬರುತ್ತದೆ, ಅಷ್ಟೇ. ಇವರ ಹತ್ತಿರ ಇಷ್ಟೊಂದು ಇಂಜಿನಿಯರ್‌ಗಳು, ಇಷ್ಟೊಂದು ಕಂಪ್ಯೂಟರ್‌ಗಳು ಇದ್ದೂ "ಕೂದಲ ವಸಂತ" ಅಂತ ಬರೆದವನಿಗೆ ಗಡಿಯಾರ ಗೊತ್ತಿಲ್ಲ ಅನ್ನೋದು ತಿಳಿಯಲ್ವಾ?

ಸುಮ್ನೆಓದುವವ

ಕೂದಲ ವಸಂತ 😂 ಕ್ಷಮಿಸಿ ಸರ್. ನಿಮ್ಮ ನೋವು ಅರ್ಥವಾಗುತ್ತದೆ, ಆದರೂ.

ಹಳೇಸರ್ವರ್

ಟಿಕ್‌ಟಿಕ್ ಅವರೇ, ಈ ರೋಗ ಹೊಸದಲ್ಲ. ಗೂಗಲ್‌ಗೂ ಮೊದಲಿನ ಸರ್ಚ್ ಎಂಜಿನ್ ಆಲ್ಟಾವಿಸ್ಟಾ ಕಾಲದಿಂದ ನೋಡುತ್ತಾ ಬಂದಿದ್ದೇನೆ. ಆಗ ಪುಟದಲ್ಲಿ ಒಂದು ಪದ ಎಷ್ಟು ಸಲ ಬರುತ್ತದೆ ಅನ್ನುವುದಕ್ಕೆ ತುಂಬಾ ಬೆಲೆ ಇತ್ತು. ಹಾಗಾಗಿ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಪದವನ್ನು ಐನೂರು ಸಲ ಬರೆದು ಇಡುತ್ತಿದ್ದರು. ಮೌಸ್ ಎಳೆದು ಸೆಲೆಕ್ಟ್ ಮಾಡಿದರೆ ಪುಟದ ಬುಡದಲ್ಲಿ ದೆವ್ವದ ಹಾಗೆ ಪದಗಳು ಎದ್ದು ಬರುತ್ತಿದ್ದವು.

1998ರಲ್ಲಿ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಇಬ್ಬರೂ ಪೇಜ್‌ರ‍್ಯಾಂಕ್ ತಂದಾಗ ನಾವೆಲ್ಲ ಉಸಿರುಬಿಟ್ಟೆವು. ಒಂದು ಪುಟಕ್ಕೆ ಬೇರೆಯವರು ಕೊಡುವ ಲಿಂಕ್ ಅಂದರೆ ಒಂದು ಓಟು, ಒಳ್ಳೆಯವರ ಓಟಿಗೆ ಬೆಲೆ ಜಾಸ್ತಿ, ಇಷ್ಟೇ ಅದರ ತಿರುಳು. ನಮ್ಮ ಪುಟದ ಒಳಗೆ ನಾವೇ ಏನು ಬರೆದುಕೊಂಡರೂ ಓಟು ಹಾಕುವವರು ಬೇರೆಯವರು ತಾನೇ, ಅಂದುಕೊಂಡೆವು. ಓಟು ಅಂದ ಮೇಲೆ ಓಟು ಕೊಳ್ಳುವವರೂ ಹುಟ್ಟಲೇಬೇಕಲ್ವಾ! ನೂರಾರು ಖಾಲಿ ಸೈಟ್ ಕಟ್ಟಿ ಒಂದಕ್ಕೊಂದು ಲಿಂಕ್ ಕೊಡುವ ಲಿಂಕ್ ಫಾರ್ಮ್‌ಗಳು ಬಂದವು. ಬ್ಲಾಗ್‌ಗಳ ಕಾಮೆಂಟ್ ಜಾಗದಲ್ಲಿ ಲಿಂಕ್ ಸುರಿದರು. ಅದನ್ನು ತಡೆಯಲು 2005ರ ಜನವರಿಯಲ್ಲಿ ಗೂಗಲ್, ಯಾಹೂ, ಎಂಎಸ್‌ಎನ್ ಮೂವರೂ ಸೇರಿ ನೋಫಾಲೋ ತಂದರು, ‘ಈ ಲಿಂಕನ್ನು ಓಟು ಅಂತ ಎಣಿಸಬೇಡ’ ಅನ್ನುವ ಗುರುತು. ಕಾಮೆಂಟ್ ಸ್ಪ್ಯಾಮ್ ನಿಂತಿತಾ? ನನ್ನ ಹಳೇ ಬ್ಲಾಗಿಗೆ ಇವತ್ತು ಬೆಳಿಗ್ಗೆಯೂ ಹದಿನೇಳು ಬಂದಿವೆ.

ಅವರು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುತ್ತಾರೆ. ಮೊದಲಿಂದಲೂ ಇಷ್ಟೇ ಕಥೆ.

ಹೊಸಬ2

ದಡ್ಡ ಪ್ರಶ್ನೆ ಅನ್ನಿಸಿದರೆ ಬೈಬೇಡಿ. ಟಿಕ್‌ಟಿಕ್ ಸರ್ ಮೊದಲು ಬರೆದರು, ಆ ಕಳ್ಳರು ಆಮೇಲೆ ಕದ್ದರು. ಯಾವುದು ಮೊದಲು ಬಂತು ಅಂತ ನೋಡಿದರೆ ಮುಗೀತಲ್ಲ? ಇದರಲ್ಲಿ ಕಷ್ಟ ಏನಿದೆ?

ರಾತ್ರಿಪಾಳಿ

ದಡ್ಡ ಪ್ರಶ್ನೆ ಅಲ್ಲ. ಎಲ್ಲರೂ ಕೇಳುವ ಪ್ರಶ್ನೆ. ನಾನು ಹೊಟ್ಟೆಪಾಡಿಗೆ ಸರ್ವರ್ ಕಾಯುವವನು, ಲಾಗ್ ಓದುವುದೇ ಕೆಲಸ. ನನಗೆ ಕಂಡದ್ದು ಹೇಳುತ್ತೇನೆ.

ನೀವು ಯಾವಾಗ ಬರೆದಿರಿ ಅನ್ನುವುದು ಸರ್ಚ್ ಎಂಜಿನ್‌ಗೆ ಗೊತ್ತಾಗುವುದಿಲ್ಲ. ಅದರ ಕ್ರಾಲರ್, ಅಂದರೆ ಸೈಟುಗಳನ್ನು ಸುತ್ತಿ ಓದುವ ಪ್ರೋಗ್ರಾಂ, ಯಾವಾಗ ಬಂದು ನೋಡಿತು ಅನ್ನುವುದಷ್ಟೇ ಗೊತ್ತು. ಪುಟದ ಮೇಲೆ ಹಾಕಿರುವ ತಾರೀಕನ್ನು ಯಾರು ಬೇಕಾದರೂ ತಿದ್ದಬಹುದು, ಹಾಗಾಗಿ ಅದನ್ನು ಪೂರ್ತಿ ನಂಬುವ ಹಾಗಿಲ್ಲ. ಈಗ ನೋಡಿ, ತಿಂಗಳಿಗೆ ಎರಡು ಲೇಖನ ಬರುವ ಸಣ್ಣ ಸೈಟಿಗೆ ಕ್ರಾಲರ್ ಅಪರೂಪಕ್ಕೆ ಬರುತ್ತದೆ. ಗಂಟೆಗೆ ಐವತ್ತು ಪುಟ ಹಾಕುವ ಕಳ್ಳ ಸೈಟಿನಲ್ಲಿ ಅದು ದಿನವಿಡೀ ಓಡಾಡುತ್ತಿರುತ್ತದೆ. ಆ ಕಳ್ಳರ ಬಾಟ್ ನಿಮ್ಮ ಆರ್‌ಎಸ್‌ಎಸ್ ಫೀಡ್ (ಸೈಟಿಗೆ ಹೊಸ ಲೇಖನ ಬಂದದ್ದನ್ನು ತಿಳಿಸುವ ಪಟ್ಟಿ) ಕಾಯುತ್ತಾ ಕೂತಿರುತ್ತದೆ. ನೀವು ಪಬ್ಲಿಷ್ ಒತ್ತಿದ ಎರಡು ನಿಮಿಷಕ್ಕೆ ಅಲ್ಲಿ ನಕಲು ತಯಾರು. ಕ್ರಾಲರ್ ಮೊದಲು ನೋಡುವುದು ನಕಲನ್ನೇ. ನಿಮ್ಮ ಮನೆಗೆ ಅದು ಮೂರು ದಿನ ಬಿಟ್ಟು ಬಂದಾಗ ನೀವೇ ಕಳ್ಳರ ಹಾಗೆ ಕಾಣುತ್ತೀರಿ.

ಒಂದೇ ಬರಹ ಎರಡು ಕಡೆ ಇದ್ದರೆ ಯಾವುದು ಮೂಲ ಅಂತ ಹೇಳಲು ಕೆನಾನಿಕಲ್ ಟ್ಯಾಗ್ ಇದೆ. 2009ರಿಂದ ಇದೆ. ಆದರೆ ಅದು ನೀವು ನಿಮ್ಮ ಪುಟದಲ್ಲಿ ಹಾಕುವ ಸೂಚನೆ. ಕಳ್ಳರು ತಮ್ಮ ಪುಟದಲ್ಲಿ ತಮ್ಮದೇ ಹೆಸರು ಹಾಕಿಕೊಳ್ಳುತ್ತಾರೆ.

ಇಷ್ಟರ ಮೇಲೆ ಇನ್ನೊಂದಿದೆ. ಕಳ್ಳ ಸೈಟಿನ ಡೊಮೈನ್ ಹಳೆಯದಾ ನೋಡಿ. ಮೊದಲು ಬೇರೆ ಯಾರದ್ದೋ ಒಳ್ಳೆಯ ಸೈಟ್ ಆಗಿತ್ತಾ?

ಟಿಕ್‌ಟಿಕ್

ನೋಡಿದೆ. ನಂಬಲ್ಲ ನೀವು. ಹಳೇ ಪುಟಗಳನ್ನು ಕಾಪಿಟ್ಟಿರುವ ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿದರೆ ಐದು ವರ್ಷದ ಹಿಂದೆ ಅದು ಮಕ್ಕಳ ನಾಟಕ ತಂಡವೊಂದರ ಸೈಟ್. ಮುಖವಾಡ ಹಾಕಿಕೊಂಡ ಮಕ್ಕಳ ಫೋಟೋ, ರಿಹರ್ಸಲ್ ವೇಳಾಪಟ್ಟಿ. ಆಮೇಲೆ ಒಂದು ವರ್ಷ ಏನೂ ಇಲ್ಲ. ಆಮೇಲೆ ಗಡಿಯಾರ, ಸಾಲ, ತೂಕ ಇಳಿಸುವ ಮಾತ್ರೆ, ನಾಯಿ ಆಹಾರ.

ರಾತ್ರಿಪಾಳಿ

ಅದೇ. ನಾಟಕ ತಂಡದವರು ಡೊಮೈನ್ ನವೀಕರಿಸುವುದನ್ನು ಬಿಟ್ಟಿದ್ದಾರೆ, ಇವರು ಕೊಂಡಿದ್ದಾರೆ. ಶಾಲೆಗಳು, ಪತ್ರಿಕೆಗಳು ಆ ತಂಡಕ್ಕೆ ಕೊಟ್ಟಿದ್ದ ಹಳೇ ಲಿಂಕ್‌ಗಳು ಈಗ ಮಾತ್ರೆ ಮಾರುವವರ ಪಾಲಿಗೆ ಓಟು. 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಸ್ಪ್ಯಾಮ್ ನಿಯಮಗಳಲ್ಲಿ ಇದನ್ನೇ ಹೆಸರು ಹಿಡಿದು ಸೇರಿಸಿತು. ಅದರ ಜೊತೆಗೆ ರಾಶಿ ರಾಶಿ ಪುಟ ಉತ್ಪಾದಿಸುವುದು, ದೊಡ್ಡ ಸೈಟಿನ ಹೆಸರನ್ನು ಬಾಡಿಗೆಗೆ ಪಡೆದು ಅದರೊಳಗೆ ಕಸ ಹಾಕುವುದು, ಇವೂ ತಪ್ಪು ಅಂತ ಬರೆಯಿತು. ನಿಯಮ ಚೆನ್ನಾಗಿಯೇ ಇದೆ. ಹಿಡಿಯುವ ಕೆಲಸ ಮಾತ್ರ ಬೇರೆ.

ಅನುಮಾನಪ್ಪ

ಎಲ್ಲರೂ ಯಾಕೆ ಇಷ್ಟು ಮುಗ್ಧರ ಹಾಗೆ ಮಾತಾಡ್ತಿದ್ದೀರಿ? ಆ ಕಳ್ಳ ಪುಟದಲ್ಲಿ ಜಾಹೀರಾತು ಇದೆ ತಾನೇ? ಆ ಜಾಹೀರಾತು ಯಾರ ಮೂಲಕ ಬರುತ್ತದೆ? ಸರ್ಚ್ ನಡೆಸುವ ಕಂಪನಿಯೇ ಜಾಹೀರಾತನ್ನೂ ನಡೆಸಿದರೆ, ಕಸದ ಪುಟಕ್ಕೆ ಜನ ಹೋದಷ್ಟೂ ಲಾಭ. ನಿಲ್ಲಿಸುವ ಮನಸ್ಸೇ ಇಲ್ಲ ಇವರಿಗೆ. ಬೇಕಂತಲೇ ಬಿಟ್ಟಿದ್ದಾರೆ.

ಹಳೇಸರ್ವರ್

ಅನುಮಾನಪ್ಪನವರೇ, ಅರ್ಧ ಒಪ್ಪುತ್ತೇನೆ. 2003ರಲ್ಲಿ ಗೂಗಲ್‌ನ ಆಡ್‌ಸೆನ್ಸ್, ಅಂದರೆ ಬೇರೆಯವರ ಸೈಟಿನಲ್ಲಿ ಜಾಹೀರಾತು ಹಾಕಿ ಅವರಿಗೂ ದುಡ್ಡು ಕೊಡುವ ವ್ಯವಸ್ಥೆ, ಬಂದ ಮೇಲೆ ಸ್ಪ್ಯಾಮ್ ಅನ್ನುವುದು ಒಂದು ಉದ್ಯೋಗ ಆಯಿತು, ಅದು ನಿಜ. ಅದಕ್ಕೂ ಮೊದಲು ಏನನ್ನಾದರೂ ಮಾರಬೇಕಿತ್ತು. ಆಮೇಲೆ ಪುಟ ಇದ್ದರೆ ಸಾಕು, ಓದುವವರು ಬಂದರೆ ಸಾಕು.

ಆದರೆ ಬೇಕಂತಲೇ ಅನ್ನುವುದಕ್ಕೆ ಆಧಾರ ಬೇಕು. ದೊಡ್ಡವರನ್ನೂ ಹೊಡೆದಿದ್ದಾರೆ. 2006ರ ಫೆಬ್ರವರಿಯಲ್ಲಿ ಬಿಎಂಡಬ್ಲ್ಯೂ ಕಂಪನಿಯ ಜರ್ಮನ್ ಸೈಟನ್ನೇ ಗೂಗಲ್ ಕೆಲವು ದಿನ ಕಿತ್ತುಹಾಕಿತ್ತು, ಕ್ರಾಲರ್‌ಗೊಂದು ಪುಟ, ಜನರಿಗೊಂದು ಪುಟ ತೋರಿಸಿದ್ದಕ್ಕೆ. 2011ರ ಫೆಬ್ರವರಿಯಲ್ಲಿ ಪಾಂಡಾ ಅನ್ನುವ ಅಪ್‌ಡೇಟ್ (ಪುಟಗಳನ್ನು ಮೇಲೆ ಕೆಳಗೆ ಮಾಡುವ ಲೆಕ್ಕಾಚಾರದ ಬದಲಾವಣೆ) ಬಂದಾಗ ಅಮೆರಿಕದ ಹುಡುಕಾಟಗಳಲ್ಲಿ ಸುಮಾರು 12 ಶೇಕಡಾದಷ್ಟು ಫಲಿತಾಂಶ ಬದಲಾಯಿತು ಅಂತ ಅವರೇ ಹೇಳಿದರು. ದಿನಕ್ಕೆ ಸಾವಿರಗಟ್ಟಲೆ ಲೇಖನ ಹೆರುತ್ತಿದ್ದ ಕಂಟೆಂಟ್ ಫಾರ್ಮ್‌ಗಳು ಮಲಗಿದವು. ಅವುಗಳಲ್ಲೂ ಜಾಹೀರಾತು ತುಂಬಿ ತುಳುಕುತ್ತಿತ್ತು. 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಅನ್ನುವ ಇನ್ನೊಂದು ಅಪ್‌ಡೇಟ್ ಬಂದು ಲಿಂಕ್ ಕೊಂಡವರನ್ನು ಹಿಡಿಯಿತು.

ಅನುಮಾನಪ್ಪ

ಹಿಡಿದರು, ಸರಿ. ಹಾಗಾದರೆ ಇವತ್ತು ಯಾವುದಾದರೂ ವಸ್ತುವಿನ ರಿವ್ಯೂ ಹುಡುಕಿ ನೋಡಿ. ಹತ್ತರಲ್ಲಿ ಎಂಟು ಪುಟ ವಸ್ತುವನ್ನು ಕೈಯಲ್ಲಿ ಹಿಡಿದೇ ಇಲ್ಲದವರು ಬರೆದದ್ದು. "ಅತ್ಯುತ್ತಮ ಹತ್ತು", ಕೆಳಗೆ ಕೊಳ್ಳುವ ಬಟನ್.

ರಾತ್ರಿಪಾಳಿ

ಅದನ್ನು ಅಳೆದು ನೋಡಿದವರೂ ಇದ್ದಾರೆ. ಜರ್ಮನಿಯ ಲೈಪ್‌ಜಿಗ್ ಮತ್ತು ವೈಮಾರ್ ವಿಶ್ವವಿದ್ಯಾಲಯಗಳ ಸಂಶೋಧಕರು ವಸ್ತುಗಳ ರಿವ್ಯೂ ಬಗ್ಗೆ 7,392 ಹುಡುಕಾಟಗಳನ್ನು ಒಂದು ವರ್ಷ ಗಮನಿಸಿ 2024ರಲ್ಲಿ ಪ್ರಬಂಧ ತಂದರು. ಗೂಗಲ್, ಬಿಂಗ್, ಡಕ್‌ಡಕ್‌ಗೋ ಮೂರೂ ಸೇರಿ. ಮೇಲೆ ಬರುವ ಪುಟಗಳಲ್ಲಿ ಕಮಿಷನ್ ಲಿಂಕ್ ಜಾಸ್ತಿ, ಬರಹದ ಗುಣ ಕಮ್ಮಿ. ಅಪ್‌ಡೇಟ್ ಬಂದಾಗ ಕಸ ಇಳಿಯುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಏರುತ್ತದೆ. ಮೂರಕ್ಕೂ ಇದೇ ಗೋಳು. ಜಾಹೀರಾತಿನ ಲಾಭ ಒಂದೇ ಕಾರಣ ಅನ್ನುವುದು ನನಗೆ ಯಾಕೋ ಒಪ್ಪಿಗೆಯಾಗುವುದಿಲ್ಲ.

ಹಗ್ಗಗಂಟು

ನೀವೆಲ್ಲ ಕಳ್ಳರು ತಪ್ಪಿಸಿಕೊಳ್ಳುವ ಬಗ್ಗೆ ಮಾತಾಡುತ್ತಿದ್ದೀರಿ. ನನ್ನದು ಉಲ್ಟಾ. ಹಗ್ಗದ ಗಂಟುಗಳ ಬಗ್ಗೆ ಸೈಟ್ ಇದೆ ನನ್ನದು. ಒಂದೊಂದು ಗಂಟನ್ನೂ ನಾನೇ ಹಾಕಿ, ಎಳೆದು, ಜಾರುತ್ತದಾ ನೋಡಿ ಬರೆದದ್ದು. ಕಸ ತೆಗೆಯಲು ಅಂತ ಒಂದು ಅಪ್‌ಡೇಟ್ ಬಂತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಓದುಗರು ಹತ್ತರಲ್ಲಿ ಒಂದು ಪಾಲು ಉಳಿದಿದ್ದರು. ಸೈಟ್ ನಡೆಸುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಗ್ರಾಫ್ ನೋಡಿದರೆ ಬಾವಿಗೆ ಬಿದ್ದ ಹಾಗಿತ್ತು. ಮ್ಯಾನುವಲ್ ಆಕ್ಷನ್ ಜಾಗದಲ್ಲಿ "ಯಾವ ತೊಂದರೆಯೂ ಇಲ್ಲ" ಅಂತ ಹಸಿರು ಗುರುತು!

ಅದೇ ನೋಡಿ ನನ್ನನ್ನು ಕೊಂದದ್ದು. ಮನುಷ್ಯರು ನೋಡಿ ಶಿಕ್ಷೆ ಕೊಟ್ಟಿದ್ದರೆ ಮರುಪರಿಶೀಲನೆ ಕೇಳಲು ಒಂದು ಬಟನ್ ಇರುತ್ತದೆ. ಲೆಕ್ಕಾಚಾರವೇ ಕೆಳಗೆ ತಳ್ಳಿದರೆ ಕೇಳುವುದಕ್ಕೂ ಜಾಗವಿಲ್ಲ. ತಪ್ಪೇನು ಅಂತ ಹೇಳುವವರೂ ಇಲ್ಲ. ಪುಟ ಉದ್ದ ಆಯ್ತಾ, ಗಿಡ್ಡ ಆಯ್ತಾ, ಒಂದು ಗಂಟಿಗೂ ಇನ್ನೊಂದು ಗಂಟಿಗೂ ವಿವರಣೆ ಒಂದೇ ತರಹ ಇದೆಯಾ? ಗಂಟು ಅಂದ ಮೇಲೆ "ತುದಿಯನ್ನು ಮೇಲಿಂದ ತಂದು ಕೆಳಗೆ ತೂರಿಸಿ" ಅನ್ನದೆ ಇನ್ನೇನು ಬರೆಯಲಿ? ಆರು ತಿಂಗಳು ಪುಟಗಳನ್ನು ತಿದ್ದಿದೆ, ಅಳಿಸಿದೆ, ಮತ್ತೆ ಹಾಕಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಹೊಸಬ2

ಅಯ್ಯೋ ಮೇಡಂ. ಈಗ?

ಹಗ್ಗಗಂಟು

ಈಗಲೂ ಅರ್ಧಕ್ಕೆ ಬಂದಿಲ್ಲ. ಹಳೇ ಓದುಗರಿಗೆ ಮೇಲ್ ಕಳಿಸುವ ಪಟ್ಟಿ ಮಾಡಿಕೊಂಡಿದ್ದೇನೆ, ಅವರು ನೇರವಾಗಿ ಬರುತ್ತಾರೆ. ಸರ್ಚ್‌ನಿಂದ ಬಂದರೆ ಬಂದರು.

ಮಾಜಿಲಿಂಕಿಗ

ಇದನ್ನು ಬರೆಯಬೇಕಾ ಬೇಡವಾ ಅಂತ ಎರಡು ದಿನ ಯೋಚನೆ ಮಾಡಿದೆ. ನಾನು ಆ ಕಡೆ ಇದ್ದವನು. ನಾಲ್ಕು ವರ್ಷ ಅದೇ ಕೆಲಸ. ಬೈಯುವವರು ಬೈಯಿರಿ, ಆದರೆ ಪೂರ್ತಿ ಓದಿ.

ನಿಮಗೆ ಸೈಟ್ ಅಂದರೆ ಮನೆ. ನಮಗೆ ಸೈಟ್ ಅಂದರೆ ಬೆಂಕಿಕಡ್ಡಿ. ಗೀರುತ್ತೇವೆ, ಉರಿಯುವಷ್ಟು ಹೊತ್ತು ಉರಿಯುತ್ತದೆ, ಎಸೆಯುತ್ತೇವೆ. ಹತ್ತು ಡೊಮೈನ್ ಹಾಕಿದರೆ ಏಳು ಹುಟ್ಟುವಾಗಲೇ ಸಾಯುತ್ತಿದ್ದವು. ಎರಡು ಸ್ವಲ್ಪ ದಿನ ಓಡುತ್ತಿದ್ದವು. ಒಂದು ಮೇಲೆ ಹತ್ತಿದರೆ ಉಳಿದ ಒಂಬತ್ತರ ಖರ್ಚೂ ಬಂದು ಲಾಭವೂ ಸಿಗುತ್ತಿತ್ತು. ಸರ್ಚ್ ಎಂಜಿನ್ ಅದನ್ನು ಹಿಡಿದ ದಿನ ನಾವು ಅಳುತ್ತಿರಲಿಲ್ಲ. ಹಿಡಿಯುತ್ತಾರೆ ಅಂತ ಲೆಕ್ಕ ಹಾಕಿಯೇ ಮುಂದಿನ ಹತ್ತು ತಯಾರು ಇರುತ್ತಿತ್ತು. ಹಾಗಾಗಿ "ಸ್ಪ್ಯಾಮ್ ಹಿಡಿಯಲ್ಲ" ಅನ್ನುವುದು ಪೂರ್ತಿ ಸರಿಯಲ್ಲ. ಹಿಡಿಯುತ್ತಾರೆ, ತಡವಾಗಿ ಹಿಡಿಯುತ್ತಾರೆ. ನಮ್ಮ ಇಡೀ ವ್ಯಾಪಾರ ಆ ತಡದಲ್ಲೇ ನಡೆಯುತ್ತಿತ್ತು.

ಒಂದೇ ಪೆಟ್ಟು ನಮಗೆ ಬಿದ್ದರೆ ಒಂದು ಕಡ್ಡಿ ಹೋಯಿತು. ಹಗ್ಗಗಂಟು ಮೇಡಂಗೆ ಬಿದ್ದರೆ ಮನೆಯೇ ಹೋಯಿತು. ಅದಕ್ಕೇ ಜೋರಾಗಿ ಹೊಡೆದಷ್ಟೂ ನಮಗೆ ಒಳ್ಳೆಯದೇ ಆಗುತ್ತಿತ್ತು. ಪ್ರತಿ ದೊಡ್ಡ ಅಪ್‌ಡೇಟ್ ನಂತರ ಮೇಲಿನ ಜಾಗಗಳು ಖಾಲಿ ಆಗುತ್ತವೆ. ಖಾಲಿ ಜಾಗಕ್ಕೆ ಮೊದಲು ಓಡಿಹೋಗಿ ಕೂರುವವರು ಯಾರು? ಕೈಯಲ್ಲಿ ಹತ್ತು ಹೊಸ ಸೈಟ್ ಇರುವವರು.

ಪೆಂಗ್ವಿನ್ ಬಂದ ಮೇಲೆ ಇನ್ನೊಂದು ಕೊಳಕು ಕೆಲಸಕ್ಕೂ ಗಿರಾಕಿ ಬಂದರು. ಕೆಟ್ಟ ಲಿಂಕ್ ಇದ್ದರೆ ಶಿಕ್ಷೆ ಅಂದರಲ್ಲ, ಹಾಗಾದರೆ ಎದುರಾಳಿಯ ಸೈಟಿಗೆ ಕೆಟ್ಟ ಲಿಂಕ್ ಕೊಡಿಸಿ! ಆ ಕೆಲಸ ನಾನು ಮಾಡಲಿಲ್ಲ, ಅದೊಂದು ಸಮಾಧಾನ. 2012ರ ಅಕ್ಟೋಬರ್‌ನಲ್ಲಿ ಡಿಸ್‌ಅವೌ ಟೂಲ್ ಬಂತು, "ಈ ಲಿಂಕ್ ನನ್ನದಲ್ಲ ಸ್ವಾಮಿ" ಅಂತ ಪಟ್ಟಿ ಕೊಡುವುದಕ್ಕೆ. 2016ರಲ್ಲಿ ಪೆಂಗ್ವಿನ್ ಅನ್ನು ಬದಲಾಯಿಸಿ, ಕೆಟ್ಟ ಲಿಂಕಿಗೆ ಇಡೀ ಸೈಟನ್ನು ಕೆಳಗೆ ತಳ್ಳುವ ಬದಲು ಆ ಲಿಂಕಿಗೇ ಬೆಲೆ ಇಲ್ಲದ ಹಾಗೆ ಮಾಡಿದರು. ಅದು ಒಳ್ಳೆಯ ಬುದ್ಧಿ. ನನ್ನ ಕಸುಬು ಮುಗಿದದ್ದೂ ಆಗಲೇ. ಹೊಡೆಯುವುದಕ್ಕಿಂತ ಲೆಕ್ಕಕ್ಕೆ ತೆಗೆದುಕೊಳ್ಳದೆ ಇರುವುದು ನಮಗೆ ಜಾಸ್ತಿ ನೋವು ಕೊಡುತ್ತಿತ್ತು.

ಈಗಿನವರಿಗೆ ನನ್ನಷ್ಟೂ ಕಷ್ಟವಿಲ್ಲ. ನಾವು ಬರೆಯುವವರಿಗೆ ಪುಟಕ್ಕೆ ಇಷ್ಟು ಅಂತ ದುಡ್ಡು ಕೊಡಬೇಕಿತ್ತು. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಆ ಖರ್ಚೂ ಹೋಯಿತು.

ಟಿಕ್‌ಟಿಕ್

ಬೈಯಬೇಕು ಅಂತ ಟೈಪ್ ಮಾಡಿದ್ದೆ. ಅಳಿಸಿದೆ. ನಾಲ್ಕು ಸಲ ಫಾರ್ಮ್ ತುಂಬಿ ನನಗೆ ತಿಳಿಯದ್ದು ನಿಮ್ಮ ಒಂದು ಪೋಸ್ಟಿನಲ್ಲಿ ತಿಳಿಯಿತು. ನನ್ನ ಪುಟ ಯಾರದೋ ಬೆಂಕಿಕಡ್ಡಿ ಅನ್ನುವುದನ್ನು ನುಂಗಿಕೊಳ್ಳಲು ಮಾತ್ರ ಟೈಮ್ ಬೇಕು.

ರಾತ್ರಿಪಾಳಿ

ಮನೆಯವರನ್ನೇ ಸ್ಪ್ಯಾಮರ್ ಮಾಡುವ ದಾರಿಯೂ ಇದೆ, ಅದನ್ನು ಹೇಳದಿದ್ದರೆ ಮನಸ್ಸು ಕೇಳಲ್ಲ. ನಾನು ನೋಡಿಕೊಳ್ಳುವ ಒಂದು ಸೈಟ್, 140 ಪುಟ ಇರಬೇಕು. ಒಂದು ರಾತ್ರಿ ಸರ್ಚ್‌ನಲ್ಲಿ ಇಂಗ್ಲಿಷಿನಲ್ಲಿ "site", ಕೋಲನ್, ಡೊಮೈನ್ ಹೆಸರು ಹಾಕಿ ನೋಡಿದೆ. ಸಾವಿರಾರು ಪುಟ! ಶೀರ್ಷಿಕೆ ಎಲ್ಲ ಜಪಾನಿ ಭಾಷೆ, ನಕಲಿ ಬ್ಯಾಗು, ನಕಲಿ ಶೂ. ಕ್ಲಿಕ್ ಮಾಡಿದರೆ 404. ಪುಟ ಇಲ್ಲವೇ ಇಲ್ಲ. ಒಂದು ಗಂಟೆ ತಲೆ ಕೆಡಿಸಿಕೊಂಡೆ. ಆಮೇಲೆ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಹಾಕಿ ನೋಡಿದರೆ ಅಂಗಡಿ ಪೂರ್ತಿ ತೆರೆದುಕೊಂಡಿತು. ಬಂದವರು ಕ್ರಾಲರ್ ಆದರೆ ಅಂಗಡಿ, ಮನುಷ್ಯರಾದರೆ 404.

ಅಪ್‌ಲೋಡ್ ಫೋಲ್ಡರಿನಲ್ಲಿ, ಫೋಟೋಗಳ ಮಧ್ಯೆ ಒಂದು ಪಿಎಚ್‌ಪಿ ಫೈಲ್, ಅಂದರೆ ಸರ್ವರ್‌ನಲ್ಲಿ ಓಡುವ ಪ್ರೋಗ್ರಾಂ, ಕೂತಿತ್ತು. ಕನ್ಸೋಲ್‌ನಲ್ಲಿ ಓನರ್ ಪಟ್ಟಿ ತೆಗೆದರೆ ಪರಿಚಯವಿಲ್ಲದ ಒಂದು ಮೇಲ್ ಐಡಿ. ಅವರು ವೆರಿಫಿಕೇಶನ್ ಫೈಲ್ ಹಾಕಿ ತಾವೂ ಓನರ್ ಆಗಿದ್ದರು, ಸೈಟ್‌ಮ್ಯಾಪ್ ಬೇರೆ ಸಲ್ಲಿಸಿದ್ದರು. ಎಂಥ ಶ್ರದ್ಧೆ! ಎರಡು ವರ್ಷದಿಂದ ಅಪ್‌ಡೇಟ್ ಮಾಡದ ಒಂದು ಪ್ಲಗಿನ್ ಬಾಗಿಲಾಗಿತ್ತು. ಎಲ್ಲ ತೆಗೆದು, ಪಾಸ್‌ವರ್ಡ್ ಬದಲಿಸಿ, ಆ ಪುಟಗಳಿಗೆಲ್ಲ 410, ಅಂದರೆ ‘ಈ ಪುಟ ಕಾಯಂ ಹೋಯಿತು’ ಅನ್ನುವ ಉತ್ತರ, ಕೊಟ್ಟೆ. ಇಂಡೆಕ್ಸ್‌ನಿಂದ ಪೂರ್ತಿ ಇಳಿಯಲು ತಿಂಗಳುಗಳು ಹಿಡಿದವು.

ಇಲ್ಲಿರುವ ಎಲ್ಲರೂ ಈಗಲೇ ಹೋಗಿ ನಿಮ್ಮ ಸೈಟಿನ ಮೇಲೆ ಆ ಕೋಲನ್ ಹುಡುಕಾಟ ಮಾಡಿ ಬನ್ನಿ.

ಸುಮ್ನೆಓದುವವ

ಮಾಡಿದೆ. 31 ಇರಬೇಕಿತ್ತು, 2,000ಕ್ಕೂ ಮೇಲೆ ತೋರಿಸ್ತಿದೆ. ಇನ್ನು ಸುಮ್ನೆ ಓದೋಕಾಗಲ್ಲ. ಬೇರೆ ಎಳೆ ಶುರು ಮಾಡ್ತೀನಿ, ದಯವಿಟ್ಟು ಬನ್ನಿ.

ಹಳೇಸರ್ವರ್

ಟಿಕ್‌ಟಿಕ್ ಅವರೇ, ಸ್ಪ್ಯಾಮ್ ರಿಪೋರ್ಟ್ ಬಿಡಿ. ಅದನ್ನು ಕೊಟ್ಟವರಿಗೆ ಉತ್ತರ ಕೊಡುವ ಪದ್ಧತಿಯೇ ಇಲ್ಲ. ನಿಮ್ಮದು ಕಾಪಿರೈಟ್ ವಿಷಯ, ಆ ದಾರಿ ಹಿಡಿಯಿರಿ. ಅಮೆರಿಕದಲ್ಲಿ 1998ರಿಂದ ಡಿಎಂಸಿಎ ಕಾನೂನು ಇದೆ. ಸರಿಯಾದ ನೋಟಿಸ್ ಬಂದ ಮೇಲೂ ನಕಲನ್ನು ತೆಗೆಯದಿದ್ದರೆ ಹೋಸ್ಟಿಂಗ್ ಕಂಪನಿ ತನಗಿರುವ ರಕ್ಷಣೆ ಕಳೆದುಕೊಳ್ಳುತ್ತದೆ, ಹಾಗಾಗಿ ಓದುತ್ತಾರೆ. ಎರಡು ನೋಟಿಸ್ ಕಳಿಸಿ, ಒಂದು ಆ ಸೈಟಿನ ಹೋಸ್ಟಿಗೆ, ಒಂದು ಸರ್ಚ್ ಎಂಜಿನ್‌ನ ಕಾಪಿರೈಟ್ ಫಾರ್ಮ್‌ನಲ್ಲಿ. ಮೂಲ ಪುಟ, ನಕಲು ಪುಟ, ಪ್ರತಿ ಫೋಟೋದ ವಿಳಾಸ, ಎಲ್ಲ ಬಿಡಿಬಿಡಿಯಾಗಿ ಬರೆಯಿರಿ. ಮೂಲ ಫೋಟೋ ಫೈಲ್‌ಗಳು ಇವೆಯಾ?

ಟಿಕ್‌ಟಿಕ್

ಕ್ಯಾಮೆರಾದಿಂದ ತೆಗೆದದ್ದು ಹಾಗೇ ಇವೆ, ತಾರೀಕು ಸಮೇತ. ಉಗುರೂ ಇದೆ.

ರಾತ್ರಿಪಾಳಿ

ಫೀಡ್‌ನಲ್ಲಿ ಪೂರ್ತಿ ಲೇಖನ ಕೊಡುತ್ತಿದ್ದರೆ ಸಾರಾಂಶಕ್ಕೆ ಇಳಿಸಿ. ನಿಜವಾದ ಓದುಗರಿಗೆ ಕಿರಿಕಿರಿ ಆಗುತ್ತದೆ, ಗೊತ್ತು. ಹಾಗೇ ಲಾಗ್ ನೋಡಿ. ಗೂಗಲ್‌ಬಾಟ್ ಅಂತ ಹೆಸರು ಹೇಳಿಕೊಂಡು ಬರುವವರೆಲ್ಲ ಗೂಗಲ್‌ಬಾಟ್ ಅಲ್ಲ. ಅವರ ಐಪಿ ವಿಳಾಸ ಹಿಡಿದು ರಿವರ್ಸ್ ಡಿಎನ್‌ಎಸ್ ಮಾಡಿ, ಅಂದರೆ ಆ ವಿಳಾಸ ಯಾವ ಹೆಸರಿನದು ಅಂತ ನೋಡಿ, ಬಂದ ಹೆಸರನ್ನು ಮತ್ತೆ ಐಪಿಗೆ ತಿರುಗಿಸಿ. ಹೆಸರು ಗೂಗಲ್‌ನದಲ್ಲದಿದ್ದರೆ ಅಥವಾ ಎರಡೂ ತಾಳೆಯಾಗದಿದ್ದರೆ ವೇಷಧಾರಿ, ಬಾಗಿಲು ಹಾಕಿ.

ಅನುಮಾನಪ್ಪ

ಅವರ ಕೆಲಸ ನಾವು ಪುಗಸಟ್ಟೆ ಮಾಡಿಕೊಡಬೇಕು, ಅಷ್ಟೇ ತಾನೇ? ಅವರ ಫಲಿತಾಂಶ ಶುದ್ಧ ಮಾಡೋಕೆ ನಮ್ಮ ರಾತ್ರಿ ನಿದ್ದೆ.

ಹಗ್ಗಗಂಟು

ಈ ಮಾತಿಗೆ ಮಾತ್ರ ಅನುಮಾನಪ್ಪನವರ ಪಕ್ಷ ನಾನು.

ಟಿಕ್‌ಟಿಕ್

ಮೂರು ವಾರ ಆಯಿತು, ಏನಾಯ್ತು ಅಂತ ಹೇಳಬೇಕಲ್ಲ. ಹೋಸ್ಟಿಗೆ ಕಳಿಸಿದ ನೋಟಿಸಿಗೆ ಐದನೇ ದಿನ ಉತ್ತರ ಬಂತು, ಪುಟ ತೆಗೆದರು. ಸರ್ಚ್‌ನಿಂದಲೂ ಹೋಯಿತು. ನನ್ನ ಪುಟ ಹದಿನಾಲ್ಕರಿಂದ ಆರಕ್ಕೆ ಬಂದಿದೆ. ಹಳೇಸರ್ವರ್ ಸರ್, ರಾತ್ರಿಪಾಳಿ ಅವರೇ, ನಿಮ್ಮ ಋಣ ದೊಡ್ಡದು. ಬೈದ ಓದುಗರಿಗೂ ವಿಷಯ ವಿವರಿಸಿದೆ. ಅವರ ತಾತನ ಗಡಿಯಾರ ನನ್ನ ಮೇಜಿನ ಮೇಲಿದೆ ಈಗ. ಎಸ್ಕೇಪ್ ಚಕ್ರದ ಎರಡು ಹಲ್ಲು ಹೋಗಿವೆ, ಬೇರೆ ಚಕ್ರ ಹುಡುಕುತ್ತಿದ್ದೇನೆ.

ಇದೆಲ್ಲ ನಿನ್ನೆಯವರೆಗಿನ ಮಾತು. ಇವತ್ತು ಬೆಳಿಗ್ಗೆ ಹುಡುಕಿದರೆ ಹೊಸ ಡೊಮೈನ್ ಒಂದರಲ್ಲಿ ಅದೇ ಏಳು ಫೋಟೋ, ನಾಲ್ಕನೇ ಜಾಗದಲ್ಲಿ. ಈ ಸಲ ಜಾಣರಾಗಿದ್ದಾರೆ, ಸಿಗಬಾರದು ಅಂತ ಫೋಟೋಗಳನ್ನು ಕನ್ನಡಿಯಲ್ಲಿ ನೋಡಿದ ಹಾಗೆ ಎಡಬಲ ತಿರುಗಿಸಿದ್ದಾರೆ. ಕಪ್ಪು ಉಗುರು ಎಡಗೈಗೆ ಬಂದಿದೆ. ಡಯಲ್ ಮೇಲೆ 3 ಇರಬೇಕಾದ ಕಡೆ 9 ಇದೆ, ಅಂಕಿಗಳೆಲ್ಲ ಉಲ್ಟಾ ನಿಂತಿವೆ.

ಮಾಜಿಲಿಂಕಿಗ

ಮುಂದಿನ ಕಡ್ಡಿ. ಅದೇ ನೋಟಿಸ್, ವಿಳಾಸ ಮಾತ್ರ ಬದಲಿಸಿ. ಟೆಂಪ್ಲೇಟ್ ಮಾಡಿಟ್ಟುಕೊಳ್ಳಿ ಸರ್, ಬೇಕಾಗುತ್ತೆ.